ಚುಕ್ಕಿಯ ಪೆಟ್ಟಿಗೆಯ ಜ್ವರ

ಬಿಳೇಕಹಳ್ಳಿ
14-11-1998

ಮಗಳು ವಿಜಿಗೆ,

ನಿನ್ನ ಹಳೆಯ ಮನೆ ಓನರಮ್ಮ ಮುನಿಲಕ್ಷ್ಮಮ್ಮ ಬರೆಯುವುದು. ಕ್ಷೇಮವೇ ಎಂದು ಕೇಳಲು ನನಗೆ ಮುಖವಿಲ್ಲ. ನಾವಿಬ್ಬರು ಹೇಗೋ ಇದ್ದೇವೆ. ಓದಿದ್ದು ನಾಲ್ಕನೇ ಕ್ಲಾಸು, ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಹೊಟ್ಟೆಗೆ ಹಾಕಿಕೊಂಡು ಓದು. ಮನೆಯಲ್ಲಿ ಫೋನು ಇಟ್ಟುಕೊಂಡು ಕಾಗದ ಬರೆಯುತ್ತಾಳಲ್ಲ ಈ ಮುದುಕಿ ಅನ್ನಬೇಡ. ಆ ಫೋನು ಎತ್ತುವುದನ್ನು ನಾನು ಬಿಟ್ಟು ಎರಡು ತಿಂಗಳಾಯಿತು. ಅದು ಬಡಿದುಕೊಂಡರೆ ನಮ್ಮ ಯಜಮಾನರು ಎತ್ತುತ್ತಾರೆ. ಅವರಿಗೋ ಕಿವಿ ಮಂದ. ‘ಯಾರು? ಯಾರು?’ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಇಟ್ಟುಬಿಡುತ್ತಾರೆ.

ನೀವು ಮೇಲಿನ ಮನೆ ಖಾಲಿ ಮಾಡಿ ಕೊಪ್ಪಳಕ್ಕೆ ಹೊರಟ ದಿನ ನಿನ್ನ ಗಂಡ ನಿಂಗರಾಜ ಬಂದು ಬೀಗದ ಕೈ ಕೊಟ್ಟ. ನೀನು ಆಟೋದಿಂದ ಇಳಿಯಲಿಲ್ಲ. ಮಗುವನ್ನು ಕಳೆದುಕೊಂಡ ಮನೆಗೆ ತಿರುಗಿ ಹೇಗೆ ಕಾಲಿಟ್ಟೀಯೆ, ನನಗೆ ಅದರಲ್ಲಿ ಬೇಜಾರಿಲ್ಲ. ಮಾರನೇ ದಿನ ಮಧ್ಯಾಹ್ನ ಗುಡಿಸೋಣವೆಂದು ಮೇಲೆ ಹೋದೆ. ಖಾಲಿ ಮನೆಯಲ್ಲಿ ಏನೋ ಕೆರೆಯುವ ಸದ್ದು. ನಮ್ಮ ಮಗು ಶ್ವೇತಾ ಸ್ಲೇಟಿನ ಮೇಲೆ ಬಳಪ ಗೀಚಿದರೆ ಹಾಗೇ ಕೇಳುತ್ತಿತ್ತಲ್ಲವೇ. ನನ್ನ ಕೈಯಿಂದ ಪೊರಕೆ ಬಿತ್ತು. ಆಮೇಲೆ ನೋಡಿದರೆ ಕಿಟಕಿ ಕೆಳಗಿನ ಬೂಟಿನ ಡಬ್ಬಿಯಲ್ಲಿ ಅವಳ ಆಮೆ ಮರಿ ಚುಕ್ಕಿ.

ಮೇ ತಿಂಗಳಲ್ಲಿ ಯಜಮಾನರು ಚಿಂತಾಮಣಿ ಕಡೆ ನನ್ನ ತಂಗಿಯ ಹೊಲದ ಬೇಲಿಯಲ್ಲಿ ಸಿಕ್ಕಿತೆಂದು ಜೇಬಿನಲ್ಲಿ ಹಾಕಿಕೊಂಡು ಬಂದು ಅವಳ ಅಂಗೈಗೆ ಇಟ್ಟಾಗ ಅದು ನಿಂಬೆಹಣ್ಣಿನಷ್ಟಿತ್ತು. ಈಗಲೂ ಅಷ್ಟೇ ಇದೆ. ಚಿಪ್ಪಿನ ಮೇಲಿನ ನಕ್ಷತ್ರದಂಥ ಹಳದಿ ಗೆರೆ ನೋಡಿ ಚುಕ್ಕಿ ಎಂದು ಅವಳು ಹೆಸರಿಟ್ಟಳಲ್ಲ, ಯಜಮಾನರು ಈಗಲೂ ಹಾಗೇ ಕರೆಯುತ್ತಾರೆ.

ಪಕ್ಕದ ಮನೆ ಟೈಲರ್ ಜಯಶೀಲಾ ಬಂದು, ‘ಆಮೆ ಹೊಕ್ಕ ಮನೆ ಹಾಳು ಅಂತಾರೆ ಆಂಟಿ, ಎಲ್ಲಾದ್ರೂ ಬಿಟ್ಬಿಡಿ’ ಎಂದಳು. ‘ಮನೆ ಹಾಳಾಗೋಕೆ ಆಮೆ ಯಾಕಮ್ಮ ಬೇಕು, ಮನುಷ್ಯರು ಸಾಲ್ದಾ’ ಎಂದೆ. ಒಂದು ಟಬ್ಬಿನಲ್ಲಿ ಒಂದು ಬೆರಳಷ್ಟು ನೀರು ಹಾಕಿ ಅದರಲ್ಲಿ ಬಿಟ್ಟಿದ್ದೇನೆ. ಏನು ಕೊಟ್ಟರೂ ತಿನ್ನುತ್ತಿಲ್ಲ. ಏನು ಮಾಡಬೇಕೆಂದು ಒಂದು ಸಾಲು ಬರೆ. ಇದೊಂದು ಜೀವವಾದರೂ ನನ್ನ ಕೈಯಲ್ಲಿ ಉಳಿಯಬೇಕು ವಿಜಿ.

ಆಶೀರ್ವಾದಗಳೊಡನೆ,
ಮುನಿಲಕ್ಷ್ಮಮ್ಮ

*

ಕೊಪ್ಪಳ
5-12-1998

ಮುನಿಲಕ್ಷ್ಮಮ್ಮನವರಿಗೆ,

ನಿಮ್ಮ ಕಾಗದ ತಲುಪಿತು. ಆಮೆಯನ್ನು ನಾವು ಮರೆತು ಬಿಟ್ಟು ಬಂದದ್ದಲ್ಲ. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ನೀರಿನಿಂದ ತಕ್ಷಣ ತೆಗೆಯಿರಿ. ಅದು ನೆಲದ ಮೇಲಿರುವ ಜಾತಿ, ಮುಳುಗಿ ಸಾಯುತ್ತದೆ. ಮಣ್ಣು ಹಾಕಿ ಇಡಿ. ಶ್ವೇತಾ ಶಾಲೆಯಿಂದ ಬಂದ ಮೇಲೆ ಅಂಗೈಯಲ್ಲಿ ನೀರು ತಂದು ಡಬ್ಬಿಯ ಒಂದು ಮೂಲೆಗೆ ಮಾತ್ರ ಚಿಮುಕಿಸುತ್ತಿದ್ದಳು. ಇನ್ನೊಂದು ಮೂಲೆ ಒಣಗಿರಬೇಕು ಎನ್ನುತ್ತಿದ್ದಳು. ಅವಳಿಗೆ ಯಾರು ಹೇಳಿಕೊಟ್ಟಿದ್ದರೋ ಗೊತ್ತಿಲ್ಲ. ದಾಸವಾಳದ ಹೂವು ತಿನ್ನುತ್ತದೆ.

ಇನ್ನು ಮುಂದೆ ಬರೆಯಬೇಡಿ. ಬೆಂಗಳೂರಿನ ಮುದ್ರೆ ಕಂಡರೆ ನಮ್ಮ ಅತ್ತೆ ಹುಲಿಗೆವ್ವ ಇಡೀ ದಿನ ಅಳುತ್ತಾರೆ.

ವಿಜಯಲಕ್ಷ್ಮಿ

*

ಬಿಳೇಕಹಳ್ಳಿ
22-12-1998

ಮಗಳು ವಿಜಿಗೆ,

ಬರೆಯಬೇಡ ಎಂದಿದ್ದೀಯೆ. ಆದರೂ ಬರೆಯುತ್ತಿದ್ದೇನೆ. ಬೇಡವಾದರೆ ಒಲೆಗೆ ಹಾಕು, ನನಗೇನು ಗೊತ್ತಾಗುತ್ತದೆ.

ನೀನು ಹೇಳಿದ ದಿನವೇ ನೀರಿನಿಂದ ತೆಗೆದೆ. ಯಜಮಾನರು ಅಟ್ಟದ ಮೇಲಿದ್ದ ಹಳೆಯ ಮರದ ಪೆಟ್ಟಿಗೆ ಇಳಿಸಿ ತೊಳೆದು ಒಣಗಿಸಿ, ಒಂದು ಗೇಣು ಮಣ್ಣು ತುಂಬಿಸಿ ಮೇಲಿನ ಮನೆಯಲ್ಲೇ ಇಟ್ಟಿದ್ದಾರೆ. ಕೆಳಗೆ ಇಟ್ಟರೆ ಬೆಕ್ಕಿನ ಕಾಟ. ದಾಸವಾಳ ಹಾಕಿದ ತಕ್ಷಣ ಕತ್ತು ಹೊರಗೆ ಚಾಚಿತು ನೋಡು! ಬಾಯಿ ತೆಗೆದರೆ ಒಳಗೆಲ್ಲ ಗುಲಾಬಿ ಬಣ್ಣ. ಯಜಮಾನರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ಈ ಸಲ ಚಳಿ ಜಾಸ್ತಿ. ಮರಿ ಮುದುರಿಕೊಂಡು ಕೂತಿತ್ತು. ಜಯನಗರ ಕಾಂಪ್ಲೆಕ್ಸಿಗೆ ಹೋಗಿ ಅರವತ್ತು ಕ್ಯಾಂಡಲಿನ ಬಲ್ಬು ತಂದು ಪೆಟ್ಟಿಗೆಗೆ ಇಳಿಬಿಡಿಸಿದೆ. ಆಮೇಲೆ ಭಯವಾಯಿತು, ಬೇಯಿಸಿಬಿಟ್ಟರೆ? ಶಾಖ ಎಷ್ಟಿದೆಯೆಂದು ಗೊತ್ತಾಗಬೇಕಲ್ಲ. ನಮ್ಮ ನಡುಮನೆಯ ಗೋಡೆಯ ಗೂಡಿನಲ್ಲಿ ನಿಮ್ಮ ಜ್ವರದ ಕಡ್ಡಿ ಕಂಡಿತು, ನೀಲಿ ಡಬ್ಬಿಯದು. ನೀವು ಬಿಟ್ಟು ಹೋಗಿದ್ದೀರಿ. ಅದನ್ನೇ ತೆಗೆದು ಪೆಟ್ಟಿಗೆಯ ನಡುವೆ ಮಲಗಿಸಿದೆ. ಜಯಶೀಲಾಳನ್ನು ಕರೆದು ಓದಿಸಿದೆ.

‘ನೂರೈದು ಆಂಟಿ, ಮೇಲೆ ಸಣ್ಣ ಗೆರೆ ಒಂದು’ ಎಂದಳು.

ಬಲ್ಬು ಆರಿಸಿ ಒಂದು ಗಂಟೆ ಬಿಟ್ಟು ಓದಿಸಿದರೂ ಅಷ್ಟೇ. ಮಾರನೇ ದಿನ ಬೆಳಿಗ್ಗೆ ಮಾತಾಡಿದರೆ ಬಾಯಿಂದ ಹೊಗೆ ಬರುವಷ್ಟು ಚಳಿ. ಪೆಟ್ಟಿಗೆಯ ಮಣ್ಣು ಕೈಗೆ ಕೊರೆಯುತ್ತಿತ್ತು. ಆಗಲೂ ನೂರೈದರ ಮೇಲೆ ಒಂದು ಸಣ್ಣ ಗೆರೆ. ಜಯಶೀಲಾ ಕಡ್ಡಿಯನ್ನು ಅಲ್ಲೇ ಬಿಟ್ಟು ಓಡಿಹೋದಳು. ಅಂದಿನಿಂದ ಅವಳು ಮೇಲೆ ಬರುತ್ತಿಲ್ಲ.

ಇದೇನು ಹೇಳು ವಿಜಿ.

ಮುನಿಲಕ್ಷ್ಮಮ್ಮ

*

ಬಿಳೇಕಹಳ್ಳಿ
6-1-1999

ವಿಜಿ,

ನೀನು ಉತ್ತರ ಬರೆಯಲಿಲ್ಲ. ಬರೆಯುವುದಿಲ್ಲ ಎಂದೂ ಗೊತ್ತಿತ್ತು.

ಬಲ್ಬು ತೆಗೆದುಬಿಟ್ಟೆ. ಅಷ್ಟು ಜ್ವರ ಇರುವ ಪೆಟ್ಟಿಗೆಗೆ ಬೆಂಕಿ ಯಾಕೆ ಇಡಲಿ? ಎರಡು ಹೊತ್ತೂ ತಣ್ಣೀರು ಚಿಮುಕಿಸಿದೆ. ಒಂದು ಮೂಲೆಗಲ್ಲ, ಪೂರ್ತಿ ಮಣ್ಣಿಗೆ. ವಸಂತಪುರದ ಗುಡಿಯಿಂದ ತೀರ್ಥ ತಂದು ಅದನ್ನೂ ಚಿಮುಕಿಸಿದೆ. ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಘಾಟೇ ಬರಲಿಲ್ಲ. ದಾರಿಯಲ್ಲಿ ಹೋಗುವ ಗುರುತಿಲ್ಲದ ಒಬ್ಬರನ್ನು ಕರೆದು ಕಡ್ಡಿ ಓದಿಸಿದೆ. ಅವರೂ ನೂರೈದೇ ಎಂದರು.

ನಾನು ಅಂದುಕೊಂಡಿದ್ದನ್ನು ಹೇಳಿಬಿಡುತ್ತೇನೆ, ನಕ್ಕರೆ ನಗು. ಮಗುವಿನ ಜ್ವರ ಈ ಮನೆ ಬಿಟ್ಟು ಹೋಗಿಲ್ಲ. ಅವಳು ಹೋದಳು, ಜ್ವರ ಇಲ್ಲೇ ಉಳಿಯಿತು. ಯಾರು ಹೊರಬೇಕೋ ಅವರು ಹೊರದೆ, ನಾನು ಅದನ್ನು ಆ ಮರಿಯ ಮೇಲೆ ಹೊರಿಸಿದೆ.

ಚುಕ್ಕಿಗೆ ಈಗ ಮೂಗಿನಲ್ಲಿ ಗುಳ್ಳೆ ಬರುತ್ತಿದೆ. ಕಣ್ಣು ಊದಿ ಮುಚ್ಚಿಕೊಂಡಿದೆ. ಉಸಿರು ಎಳೆದರೆ ಸಿಳ್ಳೆಯ ಸದ್ದು. ಮೂರು ದಿನದಿಂದ ಹೂವು ಮುಟ್ಟಿಲ್ಲ. ಜೆ.ಪಿ. ನಗರ ಮೂರನೇ ಫೇಸಿನಲ್ಲಿ ಸೇತುರಾಮ ಮೇಷ್ಟ್ರು ಎಂದು ಒಬ್ಬರಿದ್ದಾರೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಮಾಡುತ್ತಿದ್ದವರು, ಈಗ ರಿಟೈರು. ನಮ್ಮ ಹಸುಗಳಿದ್ದಾಗ ಅವರ ಮನೆಗೆ ಹಾಲು ಹಾಕುತ್ತಿದ್ದೆ. ನಾಳೆ ಬುಟ್ಟಿಯಲ್ಲಿ ಇಟ್ಟುಕೊಂಡು ಅಲ್ಲಿಗೆ ಹೋಗುತ್ತೇನೆ.

ದೇವರೇ ಕಾಯಬೇಕು.
ಮುನಿಲಕ್ಷ್ಮಮ್ಮ

*

ಕೊಪ್ಪಳ
18-1-1999

ಮುನಿಲಕ್ಷ್ಮಮ್ಮನವರಿಗೆ,

ಚುಕ್ಕಿ ಬದುಕಿದೆಯೇ ಎಂದು ತಿಳಿಸಿ.

ಇನ್ನೊಂದು ಕೇಳುತ್ತೇನೆ. ಥರ್ಮಾಮೀಟರ್ ಓದಲು ನಿಮಗೆ ಜಯಶೀಲಾ ಯಾಕೆ ಬೇಕಾಯಿತು?

ವಿಜಯಲಕ್ಷ್ಮಿ

*

ಬಿಳೇಕಹಳ್ಳಿ
2-2-1999

ವಿಜಿ,

ಬದುಕಿದೆ. ನಿನ್ನೆಯಿಂದ ಬಲಗಣ್ಣು ಬಿಡುತ್ತಿದೆ, ಎಡಗಣ್ಣು ಇನ್ನೂ ಅರೆ.

ಮೇಷ್ಟ್ರು ಬುಟ್ಟಿ ಬಗ್ಗಿ ನೋಡಿದವರೇ ನನ್ನನ್ನು ಚೆನ್ನಾಗಿ ಬೈದರು. ‘ಇದಕ್ಕೆ ನಮ್ ಥರ ಮೈಯೊಳಗೆ ಬಿಸಿ ಇಲ್ಲ ಕಣಮ್ಮ ಲಕ್ಷ್ಮಮ್ಮ. ಹೊರಗಡೆ ಎಷ್ಟೋ ಒಳಗೂ ಅಷ್ಟೇ. ಚಳೀಲಿ ಒದ್ದೆ ಮಾಡಿ ಇಟ್ರೆ ಶ್ವಾಸಕೋಶಕ್ಕೆ ಹಿಡಿಯುತ್ತೆ. ಹಾಗಂತ ಬರೀ ಒಣಗಿಸಿದ್ರೆ ಚಿಪ್ಪು ಗುಡ್ಡೆ ಗುಡ್ಡೆಯಾಗಿ ಬೆಳೆಯುತ್ತೆ, ಮರಿಗಳಿಗಂತೂ ತೇವ ಬೇಕೇ ಬೇಕು’ ಎಂದರು. ಪ್ರಾಣಿ ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಹಾಕಿಸಿದರು. ಆಮೇಲೆ ತಾವೇ ನಮ್ಮ ಮನೆಗೆ ಬಂದು ಪೆಟ್ಟಿಗೆ ಸರಿಮಾಡಿಕೊಟ್ಟರು.

ಈಗ ಬಲ್ಬು ಒಂದು ತುದಿಗೆ ಮಾತ್ರ ಇದೆ. ಇನ್ನೊಂದು ತುದಿಯಲ್ಲಿ ನೆರಳು, ಮಡಕೆಯ ಚೂರು ಮುಚ್ಚಿ ಒಂದು ಗುಹೆ, ಅದರೊಳಗೆ ತೆಂಗಿನ ನಾರಿನ ಪುಡಿ ತೇವ ಮಾಡಿ ಹಾಕಿದೆ. ಮೇಲೆ ಅರ್ಧಕ್ಕೆ ಗಾಜು, ಅರ್ಧಕ್ಕೆ ಜಾಲರಿ. ತೇವ ಎಷ್ಟಿರಬೇಕೆಂದು ನಾನು ಕೇಳಿದರೆ ಮೇಷ್ಟ್ರು ಪರ್ಸೆಂಟು ಹೇಳತೊಡಗಿದರು. ಅಷ್ಟರಲ್ಲಿ ನಮ್ಮ ಯಜಮಾನರು ಒಂದು ಹಿಡಿ ಹಿಸುಕಿ ನೋಡಿ, ‘ಉಂಡೆ ಆಗ್ಬೇಕು, ನೀರು ತೊಟ್ಟಿಕ್ಬಾರ್ದು. ರಾಗಿ ಬಿತ್ತೋ ಹದ’ ಎಂದರು. ಮೇಷ್ಟ್ರು ನಕ್ಕು, ‘ಅಷ್ಟೇ ಬೈರಪ್ಪ, ನನ್ನ ಪರ್ಸೆಂಟು ಬೇಡ’ ಎಂದರು. ಹೊಲ ಹೋಗಿ ಸೈಟಾಗಿ ಹನ್ನೆರಡು ವರ್ಷ. ಆ ದಿನ ನಮ್ಮ ಯಜಮಾನರ ಮುಖದಲ್ಲಿ ಬೆಳಕು ಕಂಡೆ.

ಹೊರಡುವಾಗ ಮೇಷ್ಟ್ರು ಹೇಳಿದ ಒಂದು ಮಾತು ಎದೆಯಲ್ಲೇ ಕೂತಿದೆ. ‘ಒಂದ್ಕಡೆ ಬಿಸಿ, ಒಂದ್ಕಡೆ ತಂಪು. ಎಲ್ಲಿರ್ಬೇಕು ಅಂತ ಅದಕ್ಕೇ ಗೊತ್ತಿರುತ್ತೆ. ಸೆಕೆ ಆದ್ರೆ ಅದೇ ಆಚೆ ಹೋಗುತ್ತೆ. ಆಚೆ ಹೋಗೋಕೆ ದಾರಿ ಮಾತ್ರ ಮುಚ್ಬೇಡಿ.’

ಇಂಥ ಆಮೆ ಸಾಕುವುದು ಕಾನೂನಿಗೆ ವಿರುದ್ಧವಂತೆ. ಪೂರ್ತಿ ಚೇತರಿಸಿಕೊಂಡ ಮೇಲೆ ಅರಣ್ಯದವರಿಗೆ ತಾವೇ ಒಪ್ಪಿಸುತ್ತಾರಂತೆ. ಆಗಲಿ ಎಂದೆ.

ಜ್ವರದ ಕಡ್ಡಿಯನ್ನೂ ತೋರಿಸಿದೆ. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು, ‘ಇದು ಪೆಟ್ಟಿಗೆಯ ಶಾಖ ಅಲ್ಲಮ್ಮ. ಒಂದು ಸಲ ಏರಿದ ಪಾದರಸ ಕೊಡವೋವರೆಗೂ ಇಳಿಯಲ್ಲ. ಯಾರಿಗೋ ಕೊನೇ ಸಲ ಜ್ವರ ನೋಡಿದ್ದೀರಲ್ಲ, ಅವರದ್ದು ಇದು, ಹಾಗೇ ನಿಂತಿದೆ’ ಎಂದು ಕೊಡವಲು ಕೈ ಎತ್ತಿದರು. ನಾನು ಅವರ ಕೈಯಿಂದ ಕಿತ್ತುಕೊಂಡೆ. ದೊಡ್ಡ ಮನುಷ್ಯರು, ಗಾಬರಿಯಾದರು.

ನಿನ್ನ ಪ್ರಶ್ನೆ ಓದಿದ್ದೇನೆ ವಿಜಿ. ಉತ್ತರ ಬರೆಯಲು ಇವತ್ತು ಕೈ ಬರುತ್ತಿಲ್ಲ.

ಮುನಿಲಕ್ಷ್ಮಮ್ಮ

*

ಬಿಳೇಕಹಳ್ಳಿ
9-3-1999

ವಿಜಿ,

ಈ ಕಾಗದವನ್ನು ಐದು ಸಲ ಬರೆದು ಹರಿದೆ. ಇದು ಆರನೆಯದು.

ನನಗೆ ಆ ಕಡ್ಡಿ ಓದಲು ಬರುವುದಿಲ್ಲ. ಅಂಕಿ ಗೊತ್ತು, ಆ ಬೆಳ್ಳಿ ಗೆರೆ ಮಾತ್ರ ನನ್ನ ಕಣ್ಣಿಗೆ ಯಾವತ್ತೂ ಕಂಡಿಲ್ಲ. ನೀನು ಒಂದು ಸಲ ತೋರಿಸಿಕೊಟ್ಟಾಗ ‘ಹೂಂ, ಕಾಣ್ತು’ ಎಂದಿದ್ದೆ. ಮನೆ ಯಜಮಾನಿ, ಬಾಡಿಗೆಯವರ ಮುಂದೆ ದಡ್ಡಿಯಾಗಲು ನಾಚಿಕೆ.

ಸೆಪ್ಟೆಂಬರ್ ಮೂರನೇ ತಾರೀಕು ಬೆಳಿಗ್ಗೆ ಮಗುವಿಗೆ ಮೈ ಬೆಚ್ಚಗಿತ್ತು. ಆಫೀಸಿನಲ್ಲಿ ರಜೆ ಕೊಡುವುದಿಲ್ಲ ಎಂದು ನೀನು ಒದ್ದಾಡುತ್ತಿದ್ದೆ. ‘ನಾನಿಲ್ವಾ, ಹೋಗಮ್ಮ’ ಎಂದವಳು ನಾನೇ. ನಮ್ಮ ನಡುಮನೆಯ ಮಂಚದ ಮೇಲೆ ಮಲಗಿಸಿಕೊಂಡೆ. ಗಾಳಿ ತಗಲಬಾರದೆಂದು ಕಿಟಕಿ ಹಾಕಿದೆ. ಬೆವರು ಬಂದರೆ ಜ್ವರ ಬಿಡುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು, ನಮ್ಮೆಲ್ಲರನ್ನೂ ಹಾಗೇ ಸಾಕಿದಳು. ಕಂಬಳಿ ಹೊದಿಸಿದೆ. ಅವಳು ಕಾಲಿನಲ್ಲಿ ಒದ್ದು ತೆಗೆದಳು. ಮತ್ತೆ ಹೊದಿಸಿದೆ. ‘ಧಗಿ ಅಜ್ಜಿ, ಧಗಿ’ ಎಂದಳು. ನಿಮ್ಮ ಕಡೆಯ ಮಾತು ನನಗೆ ತಿಳಿಯಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ತಿಳಿಯಿತು. ಸೆಕೆ ಎನ್ನುತ್ತಿದ್ದಾಳೆಂದು ತಿಳಿದೂ ಕಂಬಳಿಯ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿದೆ.

ಮೂರು ಗಂಟೆಗೆ ನಿನ್ನ ಫೋನು ಬಂತು. ಅದಕ್ಕೆ ಸ್ವಲ್ಪ ಮುಂಚೆ ಕಡ್ಡಿಯನ್ನು ಕಂಕುಳಲ್ಲಿ ಇಟ್ಟು ತೆಗೆದಿದ್ದೆ. ಎಷ್ಟು ತಿರುಗಿಸಿದರೂ ಗಾಜೇ ಕಂಡಿತು. ‘ಎಷ್ಟೈತ್ರಿ ಅಮ್ಮಾರ?’ ಎಂದು ನೀನು ಕೇಳಿದೆ. ಬೆಳಿಗ್ಗೆ ನೀನು ನೂರು ಎಂದಿದ್ದೆ, ಅದಕ್ಕೆ ಒಂದು ಸೇರಿಸಿ ‘ನೂರೊಂದು’ ಎಂದುಬಿಟ್ಟೆ. ನೀನು ಆಯಿತು ಎಂದು ಇಟ್ಟೆ. ನಾನು ಕಡ್ಡಿಯನ್ನು ಡಬ್ಬಿಗೆ ಹಾಕಿ ಗೂಡಿನಲ್ಲಿಟ್ಟೆ. ಆರೂವರೆಗೆ ನೀನು ಬಂದು ಮಗುವನ್ನು ಎತ್ತಿದಾಗ ಅವಳಿಗೆ ಎಚ್ಚರವಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಆಸ್ಪತ್ರೆಯಿಂದ ನಿಂಗರಾಜ ಫೋನು ಮಾಡಿದ. ನಾನು ಆ ಫೋನು ಎತ್ತಿದ್ದು ಅದೇ ಕೊನೆ.

ಆ ನೂರೈದು ನಾನು ಕಾಣದೆ ಡಬ್ಬಿಗೆ ಹಾಕಿದ ನೂರೈದು. ಮೂರೂವರೆ ತಿಂಗಳು ಗೂಡಿನಲ್ಲಿ ಕಾದು ಕೂತಿತ್ತು. ನಾನೇ ತೆಗೆದು ನಾನೇ ಪೆಟ್ಟಿಗೆಯಲ್ಲಿಟ್ಟು ಬೀದಿಯವರಿಂದೆಲ್ಲ ಓದಿಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕಥೆ ಅದು.

ಯಜಮಾನರಿಗೆ ನಿನ್ನೆ ಎಲ್ಲ ಹೇಳಿದೆ. ‘ಮಗು ಧಗಿ ಅಂದಿದ್ದು ನಂಗೂ ಕೇಳ್ತು ಕಣೆ. ಜಗಲೀಲೇ ಕೂತಿದ್ದೆ. ಹೆಂಗಸ್ರ ಕೆಲಸ ಅಂತ ಸುಮ್ನಾದೆ. ಈಗ್ಲೂ ಕೇಳ್ತದೆ’ ಎಂದರು. ಪಕ್ಕದಲ್ಲಿ ಪಟಾಕಿ ಹೊಡೆದರೆ ಕೇಳಿಸದ ಮನುಷ್ಯ.

ಕಡ್ಡಿಯನ್ನು ಕೊಡವಿಲ್ಲ. ಕೊಡವಲು ನಾನು ಯಾರು. ನೀಲಿ ಡಬ್ಬಿಯಲ್ಲಿ ಹಾಗೇ ಇದೆ. ಏನು ಮಾಡಬೇಕೆಂದು ನೀನು ಹೇಳು. ಏನು ಬೈಯಬೇಕೋ ಅದನ್ನೂ ಬೈದುಬಿಡು.

ಮುನಿಲಕ್ಷ್ಮಮ್ಮ

*

ಕೊಪ್ಪಳ
20-6-1999

ಮುನಿಲಕ್ಷ್ಮಮ್ಮನವರಿಗೆ,

ಮೂರು ತಿಂಗಳು ನಿಮ್ಮ ಕಾಗದ ನನ್ನ ದಿಂಬಿನ ಕೆಳಗಿತ್ತು. ನಿಂಗರಾಜ ಅವರಿಗೆ ತೋರಿಸಿಲ್ಲ.

ನೀವು ನೂರೈದು ಎಂದಿದ್ದರೆ ನಾನು ಅರ್ಧ ಗಂಟೆಯಲ್ಲಿ ಬರುತ್ತಿದ್ದೆ. ಇದು ನಿಜ, ನಿಮಗೆ ನೋವಾಗಲಿ ಎಂದೇ ಬರೆಯುತ್ತಿದ್ದೇನೆ. ಅದು ಮೆದುಳು ಜ್ವರ ಎಂದು ಡಾಕ್ಟರು ಹೇಳಿದರು. ಮೂರು ಗಂಟೆ ಮುಂಚೆ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. ‘ಹೇಳೋಕಾಗಲ್ಲಮ್ಮ’ ಎಂದರು. ಇಲ್ಲ ಎಂದಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಹೌದು ಎಂದಿದ್ದರೆ ಸತ್ತಾದರೂ ಹೋಗುತ್ತಿದ್ದೆ. ಹೇಳೋಕಾಗಲ್ಲ ಎನ್ನುವುದನ್ನು ಇಟ್ಟುಕೊಂಡು ಏನು ಮಾಡಲಿ?

ಈಗ ನನ್ನದನ್ನು ಕೇಳಿ. ನಿಮಗೆ ಥರ್ಮಾಮೀಟರ್ ಓದಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವತ್ತು ‘ಹೂಂ, ಕಾಣ್ತು’ ಎಂದಾಗ ನೀವು ಅಂಕಿಯಿಲ್ಲದ ಹಿಂಬದಿಯನ್ನು ನೋಡುತ್ತಿದ್ದಿರಿ. ನಾನು ಒಳಗೇ ನಕ್ಕಿದ್ದೆ. ಗೊತ್ತಿದ್ದೂ ಆ ದಿನ ಫೋನಿನಲ್ಲಿ ಎಷ್ಟಿದೆ ಎಂದು ನಿಮ್ಮನ್ನು ಕೇಳಿದೆ. ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿದ್ದರು. ನನಗೆ ಬೇಕಾಗಿದ್ದು ಕುರ್ಚಿಯಲ್ಲಿ ಕೂತಿರಲು ಸಾಕಾಗುವಷ್ಟು ಒಂದು ಅಂಕಿ. ನೀವು ಅದನ್ನು ಕೊಟ್ಟಿರಿ. ಹಿಂದಿನಿಂದ ಅವಳು ‘ಅವ್ವಾ’ ಎಂದದ್ದು ಫೋನಿನಲ್ಲಿ ನನಗೆ ಕೇಳಿಸಿತ್ತು. ಕೇಳಿಸಿಕೊಂಡೇ ಇಟ್ಟೆ.

ಜನವರಿಯಲ್ಲಿ ನಾನು ಆ ಪ್ರಶ್ನೆ ಕೇಳಿದ್ದು ಉತ್ತರ ಗೊತ್ತಿಲ್ಲದೆ ಅಲ್ಲ. ನಿಮ್ಮ ಬಾಯಿಂದ ಬರಲಿ, ತಪ್ಪೆಲ್ಲ ನಿಮ್ಮದಾಗಲಿ ಎಂದು ಕೇಳಿದೆ. ಬಂತು. ನನ್ನ ಪಾಲು ಒಂದಿಷ್ಟೂ ಕಡಿಮೆಯಾಗಲಿಲ್ಲ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ಆದರೆ ಆ ಥರ್ಮಾಮೀಟರನ್ನು ಯಾರೂ ಕೊಡವಬೇಡಿ. ಅವಳ ಬಟ್ಟೆ ತೊಳೆದುಬಿಟ್ಟರು, ಹಾಸಿಗೆ ಕೊಟ್ಟುಬಿಟ್ಟರು. ಅವಳ ಮೈಯ ಬಿಸಿ ಈ ಲೋಕದಲ್ಲಿ ಉಳಿದಿರುವುದು ಅದೊಂದರಲ್ಲೇ. ಸೆಪ್ಟೆಂಬರ್ ಮೂರಕ್ಕೆ ಬರುತ್ತೇನೆ.

ವಿಜಯಲಕ್ಷ್ಮಿ

*

ಬಿಳೇಕಹಳ್ಳಿ
12-9-1999

ವಿಜಿ,

ಊರು ಸೇರಿದೆಯಾ?

ನಮ್ಮ ಮನೆಯಲ್ಲಿ ನೀರೂ ಮುಟ್ಟಲಿಲ್ಲ ನೀನು. ಬಲವಂತ ಮಾಡಲು ನನಗೆ ಧೈರ್ಯ ಬರಲಿಲ್ಲ. ನೀನು ಮೇಲೆ ಹೋಗಿ ಪೆಟ್ಟಿಗೆಯ ಮುಂದೆ ಕೂತೆ. ಚುಕ್ಕಿ ಈಗ ನಿನ್ನ ಅಂಗೈ ತುಂಬುವಷ್ಟಾಗಿದೆ. ಅದು ಬಲ್ಬಿನ ಕೆಳಗಿನಿಂದ ಎದ್ದು ತಾನಾಗಿ ತೇವದ ಗುಹೆಗೆ ನಡೆದು ಹೋದಾಗ ನೀನು ಅತ್ತೆ. ಯಾಕೆಂದು ನನಗೆ ಗೊತ್ತು. ನಾನು ಬಾಗಿಲ ಹಿಂದೆ ನಿಂತಿದ್ದೆ.

ಆಮೇಲೆ ನೀನು ನನ್ನನ್ನು ಒಳಗೆ ಕರೆದು, ಆ ಕಡ್ಡಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಕೂದಲೆಳೆಯಷ್ಟು ತಿರುಗಿಸಿದೆ. ಗಾಜಿನೊಳಗಿಂದ ಬೆಳ್ಳಿ ಗೆರೆ ಅಗಲವಾಗಿ ಎದ್ದು ಬಂತು. ‘ಕಾಣಿಸ್ತೇನ್ರಿ ಅಮ್ಮಾರ?’ ಎಂದೆ ನೀನು. ಅರವತ್ತೆರಡು ವರ್ಷಕ್ಕೆ ಮೊದಲ ಸಲ ನಿಜವಾಗಿ ಕಂಡಿತು. ನೂರೈದು, ಅದರ ಮೇಲೆ ಒಂದು ಸಣ್ಣ ಗೆರೆ. ನಾನು ಓದಿ ಹೇಳಿದೆ.

ನೀನು ಅದನ್ನು ಅವಳ ಫ್ರಾಕಿನಲ್ಲಿ ಸುತ್ತಿಕೊಂಡು ಹೋದೆ. ರೈಲು ಕುಲುಕಿದರೆ ಗೆರೆ ಇಳಿದುಬಿಟ್ಟೀತೇನೋ ಎಂದು ನನಗೆ ಇಲ್ಲಿ ರಾತ್ರಿಯೆಲ್ಲ ಯೋಚನೆ. ಮೇಷ್ಟ್ರನ್ನು ಕೇಳಿದೆ, ಅಷ್ಟಕ್ಕೆಲ್ಲ ಇಳಿಯುವುದಿಲ್ಲ ಎಂದರು.

ಮುನಿಲಕ್ಷ್ಮಮ್ಮ

*

ಕೊಪ್ಪಳ
4-11-1999

ಅಮ್ಮಾರ,

ಹೋದ ವಾರ ನಿಂಗರಾಜ ಅವರಿಗೆ ಚಳಿಜ್ವರ ಬಂತು. ಹಲ್ಲು ಕಟಕಟ ಎನ್ನುತ್ತಿತ್ತು. ನಮ್ಮ ಅತ್ತೆ ಕೌದಿ ಮೇಲೆ ಕೌದಿ ಹೇರುತ್ತಿದ್ದರು. ‘ಜ್ವರ ಎಷ್ಟೈತಿ ನೋಡವಾ’ ಎಂದರು. ಮನೆಯಲ್ಲಿ ಇದ್ದದ್ದು ಅದೊಂದೇ ಥರ್ಮಾಮೀಟರ್.

ಫ್ರಾಕು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತೆ. ಅಂಗಡಿಗೆ ಓಡಿ ಬೇರೆ ತರೋಣ ಎಂದುಕೊಂಡೆ. ‘ಏನ್ ನೋಡಕೊಂತ ನಿಂತಿ, ಅಂವ ಸಾಯಾಕತ್ತಾನ’ ಎಂದು ಅತ್ತೆ ಕೂಗಿದರು. ಆಗ ಕೊಡವಿದೆ. ಮೂರು ಸಲ ಕೊಡವಿದೆ. ಎಷ್ಟು ಸಲೀಸಾಗಿ ಇಳಿಯಿತು ಗೊತ್ತೇ? ಒಂದು ವರ್ಷ ಹಟ ಹಿಡಿದು ನಿಂತದ್ದು, ಏನೂ ಅನ್ನದೆ ಇಳಿದುಹೋಯಿತು.

ಅವರಿಗೆ ನೂರನಾಲ್ಕು ಇತ್ತು. ಕೌದಿ ಎಲ್ಲ ತೆಗೆದು, ಹಣೆಗೆ ಒದ್ದೆ ಬಟ್ಟೆ ಹಾಕಿ, ಗಾಡಿ ತರಿಸಿ ಆಸ್ಪತ್ರೆಗೆ ಹೋದೆ. ಮಲೇರಿಯಾ ಎಂದರು. ಈಗ ಎದ್ದು ಕೂತು ಗಂಜಿ ಕುಡಿಯುತ್ತಿದ್ದಾರೆ.

ಮನೆಗೆ ಬಂದ ಮೇಲೆ ಖಾಲಿ ಗೆರೆ ನೋಡಿ ಎದೆ ಬಡಿದುಕೊಂಡು ಅತ್ತುಬಿಟ್ಟೆ. ಅವಳು ಎರಡನೇ ಸಲ ಹೋದಳು ಅಮ್ಮಾರ. ಇದನ್ನು ನಿಮಗಲ್ಲದೆ ಬೇರೆ ಯಾರಿಗೂ ಹೇಳಿ ಪ್ರಯೋಜನವಿಲ್ಲ, ಅದಕ್ಕೇ ಬರೆದೆ.

ಚುಕ್ಕಿಗೆ ಈ ಚಳಿಗಾಲಕ್ಕೆ ಬಲ್ಬು ಹಾಕಿದ್ದೀರಾ?

ವಿಜಿ

*

ಬಿಳೇಕಹಳ್ಳಿ
16-11-1999

ನನ್ನ ವಿಜಿಗೆ,

ನೀನು ‘ವಿಜಿ’ ಎಂದು ಸಹಿ ಹಾಕಿದ್ದನ್ನು ಯಜಮಾನರಿಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ನಿಂಗರಾಜನಿಗೆ ಬಿಸಿಲು ಇಳಿಯುವವರೆಗೆ ಹೊರಗೆ ಹೋಗಬೇಡ ಎನ್ನು.

ನೀನು ಮಾಡಿದ್ದೇ ಸರಿ. ಬದುಕಿರುವವರ ಜ್ವರ ನೋಡುವುದಕ್ಕೇ ಅದು ಇರುವುದು. ಇದನ್ನು ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಹೇಳುತ್ತೇನೆ. ಮಗು ಎರಡನೇ ಸಲ ಹೋದಳು ಎಂದು ಬರೆದೆಯಲ್ಲ. ಇಲ್ಲಿ ಇನ್ನೂ ಹೋಗಿಲ್ಲ. ಮಧ್ಯಾಹ್ನ ಮೂರಾದರೆ ಮೇಲೆ ಮರ ಕೆರೆಯುವ ಸದ್ದು ಬರುತ್ತದೆ. ಚುಕ್ಕಿಯೇ ಎಂದು ನನಗೆ ಗೊತ್ತು. ಆದರೂ ದಿನವೂ ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತೇನೆ. ಮೆಟ್ಟಿಲು ಹತ್ತಿ ಅಂಗೈಯಲ್ಲಿ ನೀರು ಒಯ್ದು ಒಂದು ಮೂಲೆಗೆ ಮಾತ್ರ ಚಿಮುಕಿಸಿ ಬರುತ್ತೇನೆ.

ಬಲ್ಬು ಹಾಕಿದ್ದೇನೆ. ಮೇಷ್ಟ್ರು ತಮ್ಮ ಲ್ಯಾಬಿನ ಒಂದು ಕಡ್ಡಿ ಕೊಟ್ಟಿದ್ದಾರೆ. ಅದನ್ನು ಕೊಡವಬೇಕಾಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ, ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ದಿನಕ್ಕೆ ಮೂರು ಸಲ ನಾನೇ ಓದುತ್ತೇನೆ, ಜಯಶೀಲಾಳನ್ನು ಕರೆಯುವುದಿಲ್ಲ. ಜನವರಿಯಲ್ಲಿ ಅರಣ್ಯದವರು ಬಂದು ಚುಕ್ಕಿಯನ್ನು ಒಯ್ಯುತ್ತಾರಂತೆ. ಅಲ್ಲಿಯವರೆಗೆ ಅದು ನನ್ನ ಜವಾಬ್ದಾರಿ.

ನಿಮ್ಮ ಬೀದಿಯಲ್ಲಿ ಎಸ್‌ಟಿಡಿ ಬೂತು ಇದೆಯಲ್ಲ. ಬರುವ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಒಂದು ಫೋನು ಮಾಡು. ಯಜಮಾನರನ್ನು ಜಗಲಿಗೆ ಕಳಿಸಿ ನಾನೇ ಎತ್ತುತ್ತೇನೆ. ಪೆಟ್ಟಿಗೆ ಎಷ್ಟಿದೆ ಎಂದು ಕೇಳು. ಒಂದು ನಿಮಿಷ ತಾಳು ಎಂದು ಹೇಳಿ ಮೆಟ್ಟಿಲು ಹತ್ತಿ ನೋಡಿ ಬಂದು ಹೇಳುತ್ತೇನೆ. ಕಾಣದಿದ್ದರೆ, ಕಾಣಲಿಲ್ಲ ವಿಜಿ ಎನ್ನುತ್ತೇನೆ.

ಮುನಿಲಕ್ಷ್ಮಮ್ಮ